ಗಾಳಿದೋಣಿಗೆ ಬಿದಿರಿನ ತಳ

ನಮ್ಮ ಅಣ್ಣನ ಮೊಮ್ಮಗ ಮೀನುಗಾರಿಕೆ ಇಲಾಖೆಗೆ ಸೇರಿದ್ದಾನೆ. ಆದೇಶ ಕೈಗೆ ಬಂದ ವಾರವೇ ಪೇಡೆಯ ಪೊಟ್ಟಣ ಹಿಡಿದುಕೊಂಡು ಯಲಬುರ್ಗಾದ ನಮ್ಮ ಮನೆಗೆ ಬಂದ. ಕಾಲಿಗೆ ನಮಸ್ಕಾರ ಮಾಡಿ ಎದ್ದವನೇ ಮೊಬೈಲು ತೆಗೆದು ಒಂದು ಚಿತ್ರ ತೋರಿಸಿದ. ಗಾಳಿ ತುಂಬಿ ನೀರಿಗಿಳಿಸುವ ಉದ್ದನೆಯ ಹಳದಿ ದೋಣಿ. ಒಬ್ಬರೇ ಕೂತು ಮೀನು ಹಿಡಿಯಬಹುದಂತೆ, ಕೆಲಸ ಮುಗಿದ ಮೇಲೆ ಮಡಚಿ ಬೆನ್ನಿಗೆ ಹಾಕಿಕೊಂಡು ಮನೆಗೆ ಬರಬಹುದಂತೆ.

"ಅಜ್ಜಾ, ಇಂಥವು ನಾಕೈದು ನಮೂನಿ ಅದಾವು. ಯಾವುದು ಛಲೋ, ನೀನ ಹೇಳು" ಎಂದ.

ನಾನು ಕನ್ನಡಕ ಏರಿಸಿಕೊಂಡು ನೋಡಿದೆ. "ಇದರಾಗ ಗಿರ್ಲು ಮೀನ ಹಾಕಿ ನೋಡ್ಯಾರೇನು?" ಎಂದು ಕೇಳಿದೆ.

ಹುಡುಗ ಕಣ್ಣು ಕಣ್ಣು ಬಿಟ್ಟ. ಅವನ ತಪ್ಪಲ್ಲ. ಆ ಪ್ರಶ್ನೆ ನನಗೂ ನೌಕರಿಗೆ ಸೇರಿ ಎಷ್ಟೋ ವರ್ಷದ ತನಕ ಹೊಳೆದಿರಲಿಲ್ಲ. ಹೊಳೆಯುವಂತೆ ಮಾಡಿದವಳು ಹಿನ್ನೀರಿನ ದಂಡೆಯ ಹನುಮವ್ವ. ಹುಡುಗನಿಗೆ ಅಂದು ಅರ್ಧ ಹೇಳಿದೆ, ಊಟದ ಹೊತ್ತಾಯಿತೆಂದು ಎದ್ದ. ಅವನಿಗೂ ಅವನಂತೆ ಹೊಸದಾಗಿ ಸೇರಿದವರಿಗೂ ಇರಲಿ ಎಂದು ಪೂರ್ತಿ ಬರೆಯುತ್ತಿದ್ದೇನೆ. ನನಗೆ ಯಾವಾಗ ಬಡ್ತಿ ಬಂತು, ಯಾರು ತಪ್ಪಿಸಿದರು ಎಂಬ ಪುರಾಣ ಇದರಲ್ಲಿಲ್ಲ. ಅದನ್ನು ಕೇಳಿ ನನ್ನ ಹೆಂಡತಿಯೇ ಬೇಸತ್ತಿದ್ದಾಳೆ.

ನಾನು ಒಕ್ಕಲುತನದ ಮನೆಯವನು. ನಮ್ಮ ಸೀಮೆಯಲ್ಲಿ ನೀರೆಂದರೆ ಬಾವಿ, ಮೀನೆಂದರೆ ಸಂತೆಯಲ್ಲಿ ಬುಟ್ಟಿಯೊಳಗೆ ಕಾಣುವ ವಸ್ತು. ಎಪ್ಪತ್ತರ ದಶಕದ ನಡುವೆ ಇಲಾಖೆಯಲ್ಲಿ ಕೆಳಗಿನ ಮೆಟ್ಟಿಲಿನ ನೌಕರಿ ಸಿಕ್ಕಿತು. ಕೊಪ್ಪಳ ಆಗ ರಾಯಚೂರು ಜಿಲ್ಲೆಯ ತಾಲ್ಲೂಕು. ಮೊದಲು ಹಾಕಿದ್ದು ಗಂಗಾವತಿಗೆ. ಹೊಳೆಯ ಮೀನುಗಾರರ ಜೊತೆ ಹರಿಗೋಲಿನಲ್ಲಿ ಓಡಾಡಬೇಕು ಎಂದರು. ವಿರೂಪಾಪುರಗಡ್ಡೆಯ ದಂಡೆಯಲ್ಲಿ ಒಬ್ಬ ಅಂಬಿಗ ಮುದುಕ ಹುಟ್ಟನ್ನು ನನ್ನ ಕೈಗೆ ಕೊಟ್ಟ. ಹರಿಗೋಲು ಬಿದಿರಿನಲ್ಲಿ ಹೆಣೆದು ಹೊರಗೆ ಚೀಲ ಹೊದಿಸಿದ ದುಂಡಗಿನ ವಾಹನ, ಅದಕ್ಕೆ ಮುಂದಿಲ್ಲ, ಹಿಂದಿಲ್ಲ. ನಾನು ಹುಟ್ಟು ಹಾಕಿದಷ್ಟೂ ಅದು ಬೀಸುವ ಕಲ್ಲಿನಂತೆ ಗರಗರ ತಿರುಗಿತು. ಮುದುಕ ಅಂಚಿಗೆ ಒರಗಿ ಆರಾಮವಾಗಿ ಬೀಡಿ ಹಚ್ಚಿದ.

"ಆ ದಂಡಿಗಿ ಹೋಗಬೇಕಂದ್ರ ಮುಂದಕ್ಕ ಚಾಚಿ ನಿಮ್ಮ ಕಡಿಗಿ ಎಳೀರಿ, ಸಾಹೇಬ್ರ. ಇಲ್ಲೇ ತಿರಗಬೇಕಂದ್ರ ಹಿಂಗ ಮಾಡ್ರಿ. ನನಗೇನು ಅವಸರಿಲ್ಲ."

ಸಾಹೇಬ ಎಂದು ನನ್ನನ್ನು ಜೀವಮಾನದಲ್ಲಿ ಮೊದಲು ಕರೆದವನು ಅವನೇ. ಅದೂ ಅಂಥ ಹೊತ್ತಿನಲ್ಲಿ. ಆದರೆ ಅಂದು ಕಲಿತದ್ದು ಮುಂದೆ ಉಪಯೋಗಕ್ಕೆ ಬಂತು. ಹರಿಗೋಲಿನಲ್ಲಿ ಹುಟ್ಟು ಹಿಡಿದವನಿಗೆ ಎರಡೂ ಕೈ ಅದಕ್ಕೇ ಬೇಕು. ಕೈ ಬಿಟ್ಟರೆ ಅದು ತನಗೆ ಬೇಕಾದ ಕಡೆ ಮುಖ ಮಾಡುತ್ತದೆ. ಬಲೆ ಬಿಡಲು ಇನ್ನೊಬ್ಬರು ಇರಲೇಬೇಕು.

ಅಲ್ಲಿಂದ ಕುಷ್ಟಗಿ ಕಡೆ ಕೆರೆಗಳ ಕೆಲಸಕ್ಕೆ ಹಾಕಿದರು. ಅಲ್ಲಿ ಹರಿಗೋಲು ಕಾಣಲಿಲ್ಲ. ಮೀನು ಹಿಡಿಯುವವರು ಲಾರಿಯ ಟ್ಯೂಬಿಗೆ ಗಾಳಿ ತುಂಬಿ, ಅಡ್ಡ ಹಗ್ಗ ಹೆಣೆದು, ಅದರ ಮೇಲೆ ಕೂತು ಕಾಲನ್ನು ನೀರಿಗೆ ಇಳಿಬಿಟ್ಟು ಕೆರೆಯ ನಡುವಿಗೆ ಹೋಗುತ್ತಿದ್ದರು. ಕೆಲಸ ಮುಗಿದರೆ ಗಾಳಿ ಬಿಟ್ಟು ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಮನೆಗೆ. ಮೊಬೈಲಿನ ಚಿತ್ರ ಕಂಡು ನಮ್ಮ ಹುಡುಗನಿಗೆ ಆದ ಆಶ್ಚರ್ಯ ನನಗೆ ಕುಷ್ಟಗಿಯಲ್ಲೇ ಆಗಿ ಮುಗಿದಿತ್ತು.

ಟ್ಯೂಬು ಆರಿಸುವುದನ್ನು ಕಲಿಸಿದವನು ಕೊಪ್ಪಳದ ಪಕ್ಕದ ಭಾಗ್ಯನಗರದ ಖಾಜಾಸಾಬ್. ಪಂಕ್ಚರ್ ಅಂಗಡಿ ಇಟ್ಟಿದ್ದ. ಟ್ಯೂಬಿಗೆ ಗಾಳಿ ಹೊಡೆದು, ತೊಟ್ಟಿಯ ನೀರಿನಲ್ಲಿ ಅದ್ದಿ, ಗುಳ್ಳೆ ಬರುತ್ತದೋ ಎಂದು ಸುತ್ತಲೂ ನೋಡುತ್ತಿದ್ದ. ಆಮೇಲೆ ಅದನ್ನು ಹೊರಗೆ ತೆಗೆದು ಕಿವಿ ಹಚ್ಚುತ್ತಿದ್ದ, ಡಾಕ್ಟರು ಎದೆ ನೋಡುವ ಹಾಗೆ. "ಮೈ ಮ್ಯಾಗ ಎಷ್ಟರ ಪ್ಯಾಚ್ ಇರಲಿ, ಫಿಕರ್ ಮಾಡಬ್ಯಾಡ್ರಿ. ಗಾಳಿ ಹೊಡಿಯೋ ಮೂತಿ ಬಾಜೂಕ ಪ್ಯಾಚ್ ಇದ್ರ ಮಾತ್ರ ಮುಟ್ಟಬ್ಯಾಡ್ರಿ, ಅದು ನಡುನೀರಾಗ ಕೈ ಕೊಡ್ತೈತಿ" ಎನ್ನುತ್ತಿದ್ದ. ತನಗೆ ಈಜು ಬರದಿದ್ದರೂ ಅವನು ಪ್ಯಾಚ್ ಹಾಕಿದ ಟ್ಯೂಬಿನ ಮೇಲೆ ಅರ್ಧ ತಾಲ್ಲೂಕು ಮೀನು ಹಿಡಿಯುತ್ತಿತ್ತು. ಅಂಥವನ ಮೇಲೆ ನನಗೆ ಇಂದಿಗೂ ಗೌರವ.

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಕೊಪ್ಪಳಕ್ಕೆ ಬಂದೆ. ಅಲ್ಲಿ ನನಗೆ ಸಿಕ್ಕ ಮೇಲಧಿಕಾರಿ ಕರ್ಕೇರ ಸಾಹೇಬರು. ಕರಾವಳಿಯವರು, ಸಮುದ್ರಕ್ಕೆ ಹೋಗುವ ಮನೆತನದಲ್ಲಿ ಹುಟ್ಟಿದವರು. ನಮ್ಮ ಬಿಸಿಲನ್ನು ದಿನಕ್ಕೆ ನಾಲ್ಕು ಸಲ ಬೈಯುತ್ತಿದ್ದರು, ಜೋಳದ ರೊಟ್ಟಿ ತಿನ್ನುವಾಗ ಮಾತ್ರ ಸುಮ್ಮನಿರುತ್ತಿದ್ದರು. ನೀರು ಕಂಡರೆ ಪ್ಯಾಂಟು ಮಡಚುವ ಅಧಿಕಾರಿಯನ್ನು ನಾನು ಅವರಿಗಿಂತ ಮೊದಲೂ ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ. "ನಾನು ಕೂತು ನೋಡದ ದೋಣಿಯನ್ನು ಬೇರೆಯವರಿಗೆ ಕೊಡುವುದು ಹೇಗೆ ಮಾರಾಯ?" ಎನ್ನುತ್ತಿದ್ದರು. ಹೊಸಬರು ನನ್ನ ಯಾವ ಮಾತು ಮರೆತರೂ ಸರಿ, ಅವರ ಈ ಮಾತು ಮರೆಯಬೇಡಿ.

ಜಲಾಶಯದ ಹಿನ್ನೀರಿನ ದಂಡೆಯಲ್ಲಿ ಒಂದು ಸಣ್ಣ ಊರು. ಅಲ್ಲಿನ ಮೀನುಗಾರರ ಸಂಘಕ್ಕೆ ಭೀಮಪ್ಪ ಅಧ್ಯಕ್ಷ, ವಯಸ್ಸಾದ ಗಟ್ಟಿ ಮನುಷ್ಯ. ಆ ಊರಿನಲ್ಲಿ ಒಂದು ಪದ್ಧತಿ ಇತ್ತು. ನೀರು ತುಂಬಿ ಹಂಗಾಮು ಶುರುವಾಗುವ ದಿನ ಎಲ್ಲರೂ ತಮ್ಮ ತಮ್ಮ ಹರಿಗೋಲಿನ ಪಕ್ಕ ನಿಲ್ಲಬೇಕು. ಭೀಮಪ್ಪ ಒಂದೊಂದರ ಮುಂದೆ ಬಂದು "ಜೋಡಿ ಯಾರು?" ಎಂದು ಕೇಳುತ್ತಿದ್ದ. ಜೊತೆಗಾರನ ಹೆಸರು ಹೇಳಿದರೆ, ಇಬ್ಬರ ಹೆಸರನ್ನೂ ಗಟ್ಟಿಯಾಗಿ ಕೂಗಿ, ಹರಿಗೋಲಿಗೆ ಅರಿಶಿನ ಹಚ್ಚಿ ನೀರಿಗೆ ಬಿಡುತ್ತಿದ್ದ. ಜೋಡಿ ಇಲ್ಲದವರಿಗೆ ಆ ವರ್ಷ ನೀರಿಲ್ಲ. ಗಂಡ ಹೆಂಡತಿ ಜೋಡಿಯಾದರೆ, ಹೆಂಡತಿ ಗಂಡನ ಹೆಸರು ಬಾಯಲ್ಲಿ ಹೇಳುವಂತಿಲ್ಲವಲ್ಲ, ಅವಳು ಗಂಡ ಹಿಡಿದ ಹುಟ್ಟನ್ನು ಮುಟ್ಟಿ ತೋರಿಸುತ್ತಿದ್ದಳು. ಸುತ್ತಲಿನವರು ಪ್ರತಿ ವರ್ಷ ಅದಕ್ಕೊಮ್ಮೆ ನಗುತ್ತಿದ್ದರು.

ಹನುಮವ್ವ, ಯಮನಪ್ಪ ಅಂಥ ಒಂದು ಜೋಡಿ. ಗಂಡ ಹುಟ್ಟು ಹಾಕುತ್ತಿದ್ದ, ಹೆಂಡತಿ ಬಲೆ ಬಿಡುತ್ತಿದ್ದಳು. ಅವರ ಹರಿಗೋಲನ್ನು ಹೆಣೆದವನೂ ಯಮನಪ್ಪನೇ, ಅಂಥ ಕೈ ಆ ದಂಡೆಯಲ್ಲಿ ಬೇರೆ ಇರಲಿಲ್ಲ. ಒಂದು ಬೇಸಿಗೆಯಲ್ಲಿ ಅವನಿಗೆ ಲಕ್ವಾ ಹೊಡೆದು ಬಲಗೈ ಬಿದ್ದುಹೋಯಿತು. ಹರಿಗೋಲು ಮನೆಯ ಮುಂದೆ ಬೋರಲು ಬಿತ್ತು.

ಹನುಮವ್ವ ನಮ್ಮ ಕಚೇರಿಗೆ ಬಂದದ್ದು ಮಳೆಗಾಲದ ಮುಂಚೆ. ಬಾಗಿಲಲ್ಲಿ ನಿಲ್ಲಲಿಲ್ಲ, ನೇರ ಸಾಹೇಬರ ಮೇಜಿನ ಮುಂದೆ ಬಂದಳು. ಭೀಮಪ್ಪನೂ ಹಿಂದೆಯೇ ಬಂದ.

"ನಾ ಒಬ್ಬಾಕೀನ ನೀರಿಗಿ ಹೋಗ್ತೀನ್ರಿ" ಎಂದಳು. "ನಮ್ಮ ಮನಿಯವ್ರಿಗಿ ಕೈ ಇಲ್ಲ. ಪರಪುರುಷನ್ನ ಜೋಡಿ ಮಾಡ್ಕೊಂಡು ನಸಿಕಿನ್ಯಾಗ ಹರಗೋಲು ಹತ್ತಿದ್ರ ಊರ ಮಂದಿ ಬಾಯಿ ಸುಮ್ನ ಇರತೈತೇನ್ರಿ? ಮೀನ ಹಿಡಿಯೋದು ಬಿಟ್ರ ನನಗ ಬ್ಯಾರೆ ಬರಂಗಿಲ್ಲ. ಒಬ್ಬರ ಕುಂತು ಬಲಿ ಬಿಡೂವಂಥದ್ದು ಏನರ ಇದ್ರ ಕೊಡ್ರಿ."

"ತಂಗಿ ಹೇಳೋದು ಖರೆ ಐತ್ರಿ" ಎಂದ ಭೀಮಪ್ಪ. "ಆದ್ರ ಆಷಾಢದ ಗಾಳಿ ನಿಮಗ ಗೊತ್ತಿಲ್ಲ. ಮುಳುಗಿದವರನ್ನ ಈ ಕೈಲೆ ಎತ್ತೀನ್ರಿ ನಾ. ಈಕೀನ ಎತ್ತಾಕ ನನ್ನ ಕೈಲೆ ಆಗಂಗಿಲ್ಲ."

ನಿಯಮ ಹೇಳಿ ಅಡ್ಡ ಬರುವ ಅಧ್ಯಕ್ಷ ಎಂದುಕೊಂಡಿದ್ದ ನನಗೆ ಆಗ ಅವನು ಬೇರೆಯಾಗಿ ಕಂಡ. ಕರ್ಕೇರ ಸಾಹೇಬರು ಇಬ್ಬರನ್ನೂ ಕೂರಿಸಿ ಚಹ ತರಿಸಿದರು. ಕೊನೆಗೆ ಒಂದು ಒಪ್ಪಂದವಾಯಿತು. ಒಬ್ಬಳೇ ಬಲೆ ಬಿಟ್ಟು, ಒಬ್ಬಳೇ ಎತ್ತಿ, ಗಾಳಿ ಇರುವಾಗಲೂ ದಂಡೆಗೆ ಮರಳುವಂಥ ವಾಹನವನ್ನು ನಾವು ಹುಡುಕಬೇಕು, ಭೀಮಪ್ಪ ಕಣ್ಣಾರೆ ನೋಡಿ ಒಪ್ಪಬೇಕು. ಒಪ್ಪದಿದ್ದರೆ ಹನುಮವ್ವ ನೀರು ಬಿಡಬೇಕು, ಬೇರೆಯವರು ಹಿಡಿದ ಮೀನನ್ನು ಬುಟ್ಟಿಯಲ್ಲಿಟ್ಟು ಊರೂರು ಮಾರಬೇಕು. ಅವಳು ಆಗಲೆಂದು ತಲೆಯಾಡಿಸಿ ಚಹ ಕುಡಿಯದೇ ಎದ್ದಳು.

ಮೊದಲು ಸಣ್ಣ ಹರಿಗೋಲು ತಂದೆವು. ಅವಳು ಹುಟ್ಟು ಹಾಕುತ್ತ ಚೆನ್ನಾಗಿಯೇ ಹೋದಳು. ಬಲೆಗೆ ಕೈ ಹಾಕಿದ ಕೂಡಲೇ ಹರಿಗೋಲು ತಿರುಗಿತು, ಬಲೆಯೂ ಅದನ್ನೇ ಸುತ್ತಿತು. ಆಮೇಲೆ ಖಾಜಾಸಾಬನ ದೊಡ್ಡ ಟ್ಯೂಬು. ಅದನ್ನು ಮೊದಲು ಸಾಹೇಬರೇ ಏರಿದರು. ಕೆರೆಯ ನಿಂತ ನೀರಿಗೆ ಸರಿಹೋಗುವ ಟ್ಯೂಬು ಹಿನ್ನೀರಿನ ತೆರೆಗೆ ತುಳುಕಾಡಿತು, ಇಳಿಬಿಟ್ಟ ಕಾಲಿಗೆ ಬಲೆ ತೊಡರಿತು. ಸಮುದ್ರದ ಮನೆತನದ ಅಧಿಕಾರಿಯನ್ನು ನಾವು ಬಲೆಯೊಳಗಿಂದ ಬಿಡಿಸಿ ದಂಡೆಗೆ ತರಬೇಕಾಯಿತು. "ಟ್ಯೂಬು ಬೇಡ. ಆದರೆ ಗಾಳಿ ಬೇಡ ಎಂದಲ್ಲ" ಎಂದರು ನೀರು ಹಿಂಡಿಕೊಳ್ಳುತ್ತ.

ಆಗ ಅವರಿಗೆ ಉಗ್ರಾಣದ ಮೂಲೆಯ ರಬ್ಬರು ದೋಣಿ ನೆನಪಾಯಿತು. ನೀರಿನ ಆಳ ಅಳೆಯುವ ಕೆಲಸಕ್ಕೆಂದು ಎಂದೋ ಬಂದದ್ದು, ಸುತ್ತಿದ ಹಾಸಿಗೆಯ ಹಾಗೆ ಬಿದ್ದಿತ್ತು. ಖಾಜಾಸಾಬನ ಅಂಗಡಿಗೆ ಒಯ್ದು ಗಾಳಿ ತುಂಬಿದೆವು. ಉದ್ದ, ಕಿರಿದು, ಎರಡೂ ತುದಿ ಚೂಪು. ಬಲಕ್ಕೊಂದು, ಎಡಕ್ಕೊಂದು, ತಳಕ್ಕೊಂದು ಎಂದು ಗಾಳಿಯ ಖಾನೆ ಮೂರು ಬೇರೆ ಬೇರೆ. ಸಾಹೇಬರು ಅದರ ಸುತ್ತ ತಿರುಗಿ ಕಣ್ಣರಳಿಸಿದರು. "ನೋಡು ಶರಣಪ್ಪ, ಉದ್ದ ಉಂಟಲ್ಲ, ಕೈ ಬಿಟ್ಟರೂ ಇದು ತಿರುಗುವುದಿಲ್ಲ. ಒಂದು ಖಾನೆ ಒಡೆದರೆ ಇನ್ನೆರಡು ಹಿಡಿದುಕೊಳ್ಳುತ್ತವೆ. ಒಂದೇ ಖಾನೆಯ ದೋಣಿ ಯಾರಾದರೂ ಧರ್ಮಕ್ಕೆ ಕೊಟ್ಟರೂ ತೆಗೆದುಕೊಳ್ಳಬಾರದು."

ಹನುಮವ್ವ ಅದನ್ನು ಮುಟ್ಟಿ ನೋಡಿ ನಕ್ಕಳು. "ಎಮ್ಮಿ ಕರದ ಹೊಟ್ಟಿ ಇದ್ದಂಗ ಐತಲ್ರಿ" ಎಂದಳು. ಆದರೆ ನೀರಿಗಿಳಿಸಿ ಕೂತ ಮೇಲೆ ನಗೆ ನಿಂತಿತು. ಹುಟ್ಟನ್ನು ಮಡಿಲಲ್ಲಿಟ್ಟು ಎರಡೂ ಕೈ ಮೇಲೆತ್ತಿ ನಮಗೆ ತೋರಿಸಿದಳು. ದೋಣಿ ಹೇಳಿದ ಕಡೆ ಮುಖ ಮಾಡಿ ನಿಂತಿತ್ತು. ಗಂಡನ ಬಿದ್ದ ಕೈಯೇ ಮರಳಿ ಬಂದಂತೆ ಅವಳ ಮುಖ ಬೆಳಗಿತು.

ಇನ್ನು ನಮ್ಮ ಬುದ್ಧಿವಂತಿಕೆ ನೋಡಿ. ಹಿನ್ನೀರಿನ ದಂಡೆ ಬೇಸಿಗೆಯಲ್ಲಿ ಒಣಗಿ ಜಾಲಿ ಬೆಳೆಯುತ್ತದೆ, ನೀರು ಏರಿದಾಗ ಆ ಜಾಲಿಯೆಲ್ಲ ಒಳಗೆ ಮುಳುಗುತ್ತದೆ. ರಬ್ಬರಿಗೆ ಅದೇ ಮೃತ್ಯು ಎಂದು ಎಲ್ಲರೂ ಹೇಳಿದರು. ಸಾಹೇಬರು ದೋಣಿಯ ಕೆಳಗೆ ಹಳೆಯ ಟಯರಿನ ಪಟ್ಟಿ ಅಂಟಿಸಲು ಹೇಳಿದರು, ಖಾಜಾಸಾಬ್ ಅಂಟಿಸಿದ. ನಾನು ಆಳು ಹಚ್ಚಿ ದಂಡೆಯ ಜಾಲಿ ಕಡಿಸಿದೆ. ಹನುಮವ್ವ ನಾವು ಬಿಟ್ಟ ಮುಳ್ಳನ್ನೂ ಆರಿಸಿ ತೆಗೆದಳು. ಹುಟ್ಟಿದಾಗಿನಿಂದ ಮೀನಿನ ಜೊತೆ ಇದ್ದವರು, ಮೀನಿನ ಪರೀಕ್ಷೆ ಪಾಸಾದವರು, ಇಷ್ಟು ಜನ ಸೇರಿ ನೀರಿನ ಕೆಳಗಿನ ಮುಳ್ಳನ್ನೇ ನೋಡುತ್ತ ಕೂತೆವು.

ಪರೀಕ್ಷೆಯ ದಿನ ಬೆಳಿಗ್ಗೆ ಭೀಮಪ್ಪ ದಂಡೆಯ ಮೇಲೆ ಕೂತಿದ್ದ. ಹನುಮವ್ವ ಹಿಂದಿನ ಸಂಜೆ ಬಿಟ್ಟ ಬಲೆಯನ್ನು ಎತ್ತತೊಡಗಿದಳು. ಬಲೆಯ ತುಂಬ ಗಿರ್ಲು. ಮೀಸೆಯ ಮೀನು ಅದು, ಬೆನ್ನಿನ ಮೇಲೊಂದು, ಎರಡೂ ಕಿವಿರಿನ ಪಕ್ಕ ಒಂದೊಂದು ಮುಳ್ಳು, ಹಿಡಿದರೆ ಮೂರನ್ನೂ ಸೆಟೆಸಿ ನಿಲ್ಲುತ್ತದೆ. ಆ ಮುಳ್ಳು ಚುಚ್ಚಿಸಿಕೊಳ್ಳದ ಮೀನುಗಾರನ ಕೈ ಇಲ್ಲ. ಅವಳು ಬಲೆಯನ್ನು ಎಳೆದೆಳೆದು ಕಾಲ ನಡುವೆ ಹಾಕಿಕೊಂಡಳು. ಮೀನು ಒದ್ದಾಡಿತು. ಬುಸ್ ಎಂಬ ಸದ್ದು ದಂಡೆಯಲ್ಲಿದ್ದ ನಮಗೂ ಕೇಳಿಸಿತು.

ನಾನು ಕೂಗಿದೆ. ಅವಳು ಕೂಗಲಿಲ್ಲ. ಬಲಗಡೆಯ ಖಾನೆ ಸೊರಗುತ್ತಿದ್ದಂತೆ ಎಡಕ್ಕೆ ಸರಿದು ಕೂತು, ತೂತಿನ ಮೇಲೆ ಹಿಮ್ಮಡಿ ಒತ್ತಿ, ಹುಟ್ಟು ಹಾಕುತ್ತ ಬಂದಳು. ಬಲೆಯನ್ನು ನೀರಿಗೆ ಬಿಡಲೂ ಇಲ್ಲ. ಒಂದು ಮಗ್ಗುಲು ವಾಲಿದ ದೋಣಿಯಲ್ಲಿ ನೆಟ್ಟಗೆ ಕೂತಿದ್ದ ಆ ಹೆಂಗಸನ್ನು ನೋಡಿ ನನಗೆ ಹೆದರಿಕೆಗಿಂತ ಹೆಚ್ಚಾಗಿ ಹೆಮ್ಮೆಯಾಯಿತು. ಅವಳು ನನಗೇನೂ ಆಗಬೇಕಾದವಳಲ್ಲ, ಆದರೂ ಆಯಿತು.

ಭೀಮಪ್ಪ ಎದೆಮಟ್ಟದ ನೀರಿಗಿಳಿದು ದೋಣಿ ಎಳೆದುಕೊಂಡ. "ಸಾಕು ತಂಗಿ. ಇನ್ನ ಸಾಕು ಮಾಡು" ಎಂದ. ಹನುಮವ್ವನ ಕಣ್ಣಲ್ಲಿ ಆಗ ನೀರು ಬಂತು.

ಕರ್ಕೇರ ಸಾಹೇಬರು ದೋಣಿಯೊಳಗಿನ ಒಂದು ಗಿರ್ಲು ಎತ್ತಿ ಅದರ ಮುಳ್ಳನ್ನೇ ನೋಡುತ್ತ ನಿಂತಿದ್ದರು. "ಈ ಮೀನು ಹರಿಗೋಲಿನಲ್ಲೂ ಬೀಳುತ್ತದಲ್ಲ. ಅಲ್ಲಿ ಯಾಕೆ ತೂತಾಗುವುದಿಲ್ಲ?" ಎಂದು ಕೇಳಿದರು.

"ಅಲ್ಲಿ ಬಿದಿರು ಐತಲ್ರಿ" ಎಂದಳು ಹನುಮವ್ವ ಕಣ್ಣೊರೆಸಿಕೊಳ್ಳುತ್ತ. "ಮುಳ್ಳು ಬಿದಿರಿಗಿ ನೆಡತೈತಿ, ಹೊರಗಿನ ಚೀಲಕ್ಕ ಮುಟ್ಟಂಗಿಲ್ಲ."

ಹೇಳಿದವಳೇ ದೋಣಿಯೊಳಗೆ ನೋಡಿದಳು. ನಾವೂ ನೋಡಿದೆವು. ಎಲ್ಲರಿಗೂ ಒಂದೇ ಹೊತ್ತಿಗೆ ಹೊಳೆದಿತ್ತು. ಗಾಳಿದೋಣಿಯ ಒಳಗೆ ಬಿದಿರಿನ ತಳ ಹಾಸಬೇಕು.

"ಹೊಸ ಬಿದಿರು ತರಿಸಿ ಹೆಣೆಸುವ" ಎಂದರು ಸಾಹೇಬರು. ಅದನ್ನು ಮಾತಾಡಲು ಯಮನಪ್ಪನ ಮನೆಗೆ ಹೋದೆವು. ಅವನು ಬೋರಲು ಬಿದ್ದ ತನ್ನ ಹರಿಗೋಲಿಗೆ ಒರಗಿ ಕೂತಿದ್ದ. ಲಕ್ವಾ ಹೊಡೆದ ಮೇಲೆ ಅವನು ಯಾರೊಂದಿಗೂ ಮಾತು ಬೆಳೆಸಿದ್ದನ್ನು ನಾನು ಕಂಡಿರಲಿಲ್ಲ. ನಮ್ಮ ಮಾತು ಪೂರ್ತಿ ಕೇಳಿ ತಲೆ ಅಲ್ಲಾಡಿಸಿದ.

"ಹೊಸಾ ಬಿದಿರು ಬ್ಯಾಡ್ರಿ. ಸಿಬರು ಏಳತೈತಿ. ಗಿರ್ಲು ಉಳಿಸಿದ್ದನ್ನ ಸಿಬರು ಹರೀತೈತಿ." ಎಡಗೈಯಿಂದ ಹರಿಗೋಲನ್ನು ಸವರಿದ. "ಇದು ನುಣ್ಣಗಾಗೇತಿ. ಇಷ್ಟು ವರ್ಷ ಈಕಿ ಬಲಿ ಎಳದೆಳದು, ಮೀನ ಬಿದ್ದು ಬಿದ್ದು ಕನ್ನಡಿ ಆಗೇತಿ. ಇದರ ತಳಾ ಕೊಯ್ದು ಅದರಾಗ ಹಾಕ್ರಿ."

"ಅದು ನೀವು ಹೆಣೆದದ್ದಲ್ಲವಾ?" ಎಂದರು ಸಾಹೇಬರು ಮೆಲ್ಲಗೆ.

"ಹೌದ್ರಿ. ಅದಕ್ಕ ನಾನ ಕೊಯ್ತೀನಿ."

ಹನುಮವ್ವ ಬೇಡವೆಂದು ಅತ್ತಳು. ಹರಿಗೋಲು ಉಳಿದರೆ ಅವನ ಕೈ ಒಂದು ದಿನ ಮರಳಿ ಬರುತ್ತದೆ ಎಂದು ಆಕೆ ನಂಬಿಕೊಂಡಿದ್ದಳು. ಕೊಯ್ದರೆ ಆ ನಂಬಿಕೆಯನ್ನೂ ಕೊಯ್ದಂತೆ. ಅವನು ಅವಳ ಮುಖ ನೋಡಲಿಲ್ಲ. "ಕುಡಗೋಲು ತಾ" ಎಂದಷ್ಟೇ ಹೇಳಿದ. ಅವಳು ತಂದುಕೊಟ್ಟಳು. ಅವನು ಎಡಗೈಯಲ್ಲಿ ಕೊಯ್ಯುತ್ತ ಹೋದ, ಅವಳು ಹಿಡಿದುಕೊಂಡಳು. ದೋಣಿಯ ಒಳಗಿನ ಅಳತೆಗೆ ತಕ್ಕಂತೆ ಉದ್ದಕ್ಕೆ ಕತ್ತರಿಸಿ, ಸುತ್ತಲಿನ ತುದಿಗಳನ್ನು ಒಳಕ್ಕೆ ಮಡಚಿ ಕಟ್ಟಿದರು. ಅವನು ದಾರವನ್ನು ಹಲ್ಲಿನಲ್ಲಿ ಕಚ್ಚಿ ಬಿಗಿಯುತ್ತಿದ್ದ, ಅವಳು ಗಂಟು ಹಾಕುತ್ತಿದ್ದಳು. ಸಾಹೇಬರು ನೋಡುತ್ತ ನಿಂತಿದ್ದವರು ನನ್ನ ಕಡೆ ತಿರುಗಿ, "ನಾನು ಇಷ್ಟು ವರ್ಷ ದೋಣಿ ನೋಡಿದ್ದೇನೆ ಶರಣಪ್ಪ, ಹೀಗೆ ದೋಣಿ ಮಾಡುವುದನ್ನು ನೋಡಲಿಲ್ಲ" ಎಂದರು. ಪಕ್ಕದ ಗಾಳಿಚೀಲಗಳ ಮೇಲೆ ಹೊದಿಸಲು ನಾನು ಕಾರಟಗಿಯ ಅಕ್ಕಿ ಗಿರಣಿಯಿಂದ ದಪ್ಪ ಗೋಣಿಚೀಲ ತಂದುಕೊಟ್ಟೆ. ಅದರಲ್ಲಿ ನನ್ನ ಪಾಲು ಅಷ್ಟೇ.

ಎರಡನೆಯ ಪರೀಕ್ಷೆಗೆ ಭೀಮಪ್ಪ ಗಾಳಿ ಏಳುವ ದಿನವನ್ನೇ ಆರಿಸಿದ. ತನ್ನ ಹರಿಗೋಲನ್ನು ಅವಳ ಪಕ್ಕದಲ್ಲೇ ನಡೆಸಿದ. ಹೊತ್ತೇರಿದಂತೆ ತೆರೆ ಎದ್ದವು. ಹಗುರಾದ ರಬ್ಬರು ದೋಣಿ ಗಾಳಿಗೆ ಹಾರಿಹೋಗುತ್ತದೋ ಎಂದು ನನಗೆ ಒಳಗೊಳಗೇ ಅಳುಕಿತ್ತು. ಆದರೆ ನೀರು ಕುಡಿದ ಬಿದಿರು ಭಾರವಾಗಿ ದೋಣಿಯನ್ನು ಹಿಡಿದು ಕೂರಿಸಿತ್ತು. ಅದನ್ನು ನಾವ್ಯಾರೂ ಎಣಿಸಿರಲಿಲ್ಲ. ಸಾಹೇಬರು ದಂಡೆಯ ಮೇಲೆ ಚಪ್ಪಾಳೆ ಹೊಡೆದು ಕುಣಿದರು, ಸರ್ಕಾರಿ ಅಧಿಕಾರಿ ಎಂಬುದು ಅವರಿಗೆ ಮರೆತೇಹೋಗಿತ್ತು. ಹನುಮವ್ವ ಬಲೆ ಎತ್ತಿದಳು. ಗಿರ್ಲು ಬಿದಿರಿನ ಮೇಲೆ ದಬದಬ ಬಿದ್ದು ಒದ್ದಾಡಿತು. ಬುಸ್ ಎನ್ನಲಿಲ್ಲ. ದಂಡೆಗೆ ಬಂದ ಮೇಲೆ ಭೀಮಪ್ಪ ದೋಣಿಯ ಸುತ್ತಲೂ ಕಿವಿ ಹಚ್ಚಿ ಕೇಳಿದ, ಥೇಟ್ ಖಾಜಾಸಾಬನ ಹಾಗೆ. ಹೌದೆನ್ನಲಿಲ್ಲ, ಇಲ್ಲವೆನ್ನಲಿಲ್ಲ, ಎದ್ದು ಹೋದ.

ಹಂಗಾಮಿನ ದಿನ ಬಂತು. ದಂಡೆಯ ಮೇಲೆ ಹರಿಗೋಲುಗಳ ಸಾಲು, ಕೊನೆಗೆ ಈ ಉದ್ದನೆಯ ರಬ್ಬರು ದೋಣಿ. ಅದರ ಪಕ್ಕದಲ್ಲಿ ಹನುಮವ್ವ ಒಬ್ಬಳೇ. ಯಮನಪ್ಪ ಮೇಲೆ ಏರಿಯ ಮೇಲೆ ಕೂತಿದ್ದ, ಎಷ್ಟು ಕರೆದರೂ ಕೆಳಗೆ ಬಂದಿರಲಿಲ್ಲ. ಹುಟ್ಟು ಹಿಡಿಯದವನಿಗೆ ಅಲ್ಲೇನು ಕೆಲಸ ಎಂದಿದ್ದನಂತೆ. ಸಾಹೇಬರೂ ನಾನೂ ಒಂದು ಬದಿಗೆ ನಿಂತಿದ್ದೆವು. ಆ ದಿನದ ಮಾತು ಸಂಘದ್ದು, ನಾವು ಬಾಯಿ ಹಾಕುವಂತಿರಲಿಲ್ಲ.

ಭೀಮಪ್ಪ ಅರಿಶಿನದ ಬಟ್ಟಲು ಹಿಡಿದು ಒಂದೊಂದೇ ಹರಿಗೋಲು ದಾಟಿ ಬಂದ. ಅವಳ ಮುಂದೆ ನಿಂತ.

"ಜೋಡಿ ಯಾರು?"

ಮುಟ್ಟಿ ತೋರಿಸಲು ಗಂಡನ ಕೈಯಲ್ಲಿ ಹುಟ್ಟಿರಲಿಲ್ಲ, ಅದು ಅವಳ ಕೈಯಲ್ಲೇ ಇತ್ತು. ಹನುಮವ್ವ ಅದನ್ನು ನೆಲಕ್ಕಿಟ್ಟಳು. ದೋಣಿಯೊಳಗೆ ಬಾಗಿ, ಆ ಬಿದಿರಿನ ತಳದ ಮೇಲೆ ಅಂಗೈ ಊರಿ ನಿಂತಳು.

ಆ ವರ್ಷ ಯಾರೂ ನಗಲಿಲ್ಲ. ಭೀಮಪ್ಪ ಬಟ್ಟಲಿನಲ್ಲಿ ಬೆರಳದ್ದಿದ. ಅರಿಶಿನವನ್ನು ರಬ್ಬರಿಗೆ ಹಚ್ಚಲಿಲ್ಲ, ಒಳಗೆ ಬಾಗಿ ಬಿದಿರಿಗೆ ಹಚ್ಚಿದ. ಆಮೇಲೆ ಏರಿಯ ಕಡೆ ಮುಖ ಮಾಡಿ, ಎಲ್ಲರಿಗಿಂತ ಗಟ್ಟಿಯಾಗಿ ಕೂಗಿದ.

"ಹನುಮವ್ವ, ಯಮನಪ್ಪ! ಜೋಡಿ ಐತಿ! ನೀರಿಗಿ ಬಿಡ್ರಿ!"

ಏರಿಯ ಮೇಲೆ ಯಮನಪ್ಪ ಎದ್ದು ನಿಂತು ಎಡಗೈ ಮೇಲೆತ್ತಿದ. ಹನುಮವ್ವ ಅದನ್ನು ನೋಡಿದ ಮೇಲೆಯೇ ದೋಣಿ ನೂಕಿದಳು.